ಬೈಂಡ್ ಹಾಕಿದ ಫ್ಲಾರೆನ್ಸ್

ತೀರಿಕೊಂಡು ಹತ್ತೊಂಬತ್ತು ವರ್ಷವಾಗಿದ್ದ ಸಿಸ್ಟರ್ ಕಾನ್ಸೆಪ್ಟಾ ಕಾರ್ಕ್ ನಗರದಲ್ಲಿ ಬಸ್ ಓಡಿಸುತ್ತಿದ್ದರು. ಐರ್ಲೆಂಡಿಗೆ ಬಂದ ಎರಡನೆಯ ದಿನ ಒಂದು ಕ್ಷಣ ನಾನು ಹಾಗೆಂದೇ ನಂಬಿದೆ. ಸೀಟಿನಲ್ಲಿ ಕೂತಿದ್ದವನು ಕೆಂಪು ಮುಖದ, ದಪ್ಪ ಕುತ್ತಿಗೆಯ ಗಂಡಸು. ಆದರೆ ನಾನು ಚಿಲ್ಲರೆ ಹಾಕಿ ಟಿಕೆಟ್ ತೆಗೆದುಕೊಂಡಾಗ ಅವನು "ಗುಡ್ ಗರ್ಲ್" ಎಂದದ್ದು ಮೈಸೂರಿನ ನಮ್ಮ ಕಾನ್ವೆಂಟಿನ ಎಂಟನೆಯ ತರಗತಿಯ ದನಿಯಲ್ಲಿ. ಮಾತಿನ ತುದಿಯನ್ನು ಎರಡು ಮೆಟ್ಟಿಲು ಹತ್ತಿಸಿ ಅಲ್ಲೇ ಬಿಟ್ಟುಬಿಡುವ ಅದೇ ರಾಗ. ನಲವತ್ತೆರಡು ವರ್ಷದ ಹೆಂಗಸು, ಕೈಯಲ್ಲಿ ತರಕಾರಿ ಚೀಲ ಹಿಡಿದು, ಪ್ರಾರ್ಥನೆಗೆ ನಿಂತವಳಂತೆ ನೆಟ್ಟಗೆ ನಿಂತುಬಿಟ್ಟೆ. ಹಿಂದಿದ್ದವರು "ಸಾರಿ" ಎನ್ನುತ್ತ ಪಕ್ಕದಿಂದ ನುಸುಳಿ ಹೋದರು.

ಆಮೇಲೆ ಮೀನಿನಂಗಡಿಯವನು, ಅಂಚೆಯಾಕೆ, ಮಗಳ ಶಾಲೆಯ ಕಾವಲಿನವರು, ಎಲ್ಲರೂ ಸಿಸ್ಟರ್ ಹಾಗೆಯೇ ಮಾತನಾಡತೊಡಗಿದರು. ಸಿಸ್ಟರ್ ಈ ಕಡೆಯವರೆಂದು ನನಗೆ ಗೊತ್ತಿತ್ತು. ಆ ದನಿ ಇಡೀ ಊರಿನದೆಂದು ಗೊತ್ತಿರಲಿಲ್ಲ. ಅದು ಅವರೊಬ್ಬರದೇ ಎಂದುಕೊಂಡಿದ್ದೆ.

ನಮ್ಮ ಮನೆಯವರು ಇಲ್ಲಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ವೈದ್ಯರು. ಕಾರ್ಕ್ ಪಕ್ಕದ ಬ್ಯಾಲಿನ್‌ಕೊಲಿಗ್‌ನಲ್ಲಿ ಒಂದರ ಪಕ್ಕ ಒಂದು ಒಂದೇ ಥರ ನಿಂತಿರುವ ಮನೆಗಳಲ್ಲಿ ನಮಗೊಂದು ಸಿಕ್ಕಿತು. ಮೊದಲ ತಿಂಗಳು ಎರಡು ಸಲ ಪಕ್ಕದ ಮನೆಯ ಬಾಗಿಲಿಗೆ ನಮ್ಮ ಬೀಗದ ಕೈ ತೂರಿಸಿದ್ದೆ. ಮೈಸೂರಿನಲ್ಲಿ ಬಟ್ಟೆ ಒಣಹಾಕುವುದೊಂದು ಕೆಲಸ, ಇಲ್ಲಿ ಅದೊಂದು ಸಾಹಸ. ಅಪರೂಪಕ್ಕೆ ಗಾಳಿ ಬಿಸಿಲು ಕೂಡಿ ಬಂದರೆ ಬೇಲಿಯಾಚೆಯಿಂದ ಯಾರಾದರೂ "ಗ್ರ್ಯಾಂಡ್ ಡ್ರೈಯಿಂಗ್" ಎನ್ನುತ್ತಾರೆ, ನಮ್ಮಲ್ಲಿ ಊಟ ಆಯ್ತಾ ಎಂದ ಹಾಗೆ. ಗ್ರ್ಯಾಂಡ್ ಎಂದರೆ ಭವ್ಯವಲ್ಲ, ಪರವಾಗಿಲ್ಲ ಎಂದರ್ಥ. ಕಾಲು ಮುರಿದವರೂ ಗ್ರ್ಯಾಂಡ್ ಎನ್ನುವ ದೇಶ ಇದು.

ಇದನ್ನೆಲ್ಲ ನನಗೆ ಕಲಿಸಿದವಳು ಶೋಭಾ. ನಾಲ್ಕು ಬಾಗಿಲು ಆಚೆಯ ಮನೆ, ದಾವಣಗೆರೆಯವಳು, ಬಂದು ಹನ್ನೆರಡು ವರ್ಷವಾಗಿದೆ, ಐರಿಷ್ ಪಾಸ್‌ಪೋರ್ಟ್ ಇದೆ. ಯಾವ ಕಸ ಯಾವ ಡಬ್ಬಿಗೆ, ದಪ್ಪ ಅವಲಕ್ಕಿ ಯಾವ ಅಂಗಡಿಯಲ್ಲಿ, ಇಮ್ಮರ್ಶನ್ ಯಾವಾಗ ಹಾಕಬೇಕು, ಎಲ್ಲ ಅವಳದೇ ಪಾಠ. ಇಮ್ಮರ್ಶನ್ ಎಂದರೆ ಬಿಸಿನೀರಿನ ಸ್ವಿಚ್ಚು. ಅದನ್ನು ಆರಿಸದೆ ಮನೆ ಬಿಟ್ಟವರನ್ನು ಇಲ್ಲಿ ಯಾವ ಅತ್ತೆಯೂ ಕ್ಷಮಿಸುವುದಿಲ್ಲವಂತೆ. ನನ್ನ ಮೊದಲ ಚಳಿಗಾಲದಲ್ಲಿ, ನಾಲ್ಕೂವರೆಗೇ ಕತ್ತಲಾಗಿ ನಾನು ಕಿಟಕಿಯ ಬಳಿ ಸುಮ್ಮನೆ ಕೂರುತ್ತಿದ್ದ ದಿನಗಳಲ್ಲಿ, ಬಾಗಿಲು ತಟ್ಟದೆ ಒಳಗೆ ಬರುತ್ತಿದ್ದವಳು ಅವಳೊಬ್ಬಳೇ.

ಅವಳಿಗೇ ನಾನು ಮೊದಲು ನಮ್ಮ ಫ್ಲಾರೆನ್ಸ್ ವಿಷಯ ಹೇಳಿದ್ದು.

ಸಿಸ್ಟರ್ ಕಾನ್ಸೆಪ್ಟಾ ಇಟಲಿಯ ಆ ಊರನ್ನು ತಾವೂ ನೋಡಿರಲಿಲ್ಲ. ಅವರ ಬಳಿ ಇದ್ದದ್ದು ಕಪ್ಪುಬಿಳುಪು ಚಿತ್ರಗಳ ಒಂದು ಹಳೆಯ ಪುಸ್ತಕ. ಶುಕ್ರವಾರ ಕೊನೆಯ ಪೀರಿಯಡ್‌ನಲ್ಲಿ ಬೆಂಚುಗಳನ್ನು ಜರುಗಿಸಿ ಓಣಿಗಳನ್ನು ಮಾಡುತ್ತಿದ್ದರು. ಟೀಚರ ಮೇಜು ದೊಡ್ಡ ಚರ್ಚು, ಡಸ್ಟರ್ ಇಡುವ ಕಟ್ಟೆ ನದಿ, ಬೀರುವಿನ ಎರಡು ಬಾಗಿಲು ಕಂಚಿನ ಬಾಗಿಲು. ನಾವು ನಲವತ್ತು ಹುಡುಗಿಯರು ಸಾಲಾಗಿ ಅವರ ಹಿಂದೆ ಫ್ಲಾರೆನ್ಸ್ ಸುತ್ತುತ್ತಿದ್ದೆವು. ಚಾಮುಂಡಿ ಬೆಟ್ಟದ ಕಡೆಯ ಕಿಟಕಿಯ ಬಳಿ ನಿಲ್ಲಿಸಿ "ಈಗ ಮೇಲೆ ನೋಡಿ" ಎನ್ನುತ್ತಿದ್ದರು. ಮೇಲೆ ಫ್ಯಾನು ಇತ್ತು. ನನಗೆ ಗುಮ್ಮಟವೇ ಕಾಣುತ್ತಿತ್ತು.

ಬೀರುವಿನ ಮುಂದೆ ಅವರು ಹೇಳುತ್ತಿದ್ದ ಕಥೆ ಇಬ್ಬರು ಕಲಾವಿದರದು. ಚರ್ಚಿಗೆ ಕಂಚಿನ ಬಾಗಿಲು ಬೇಕಿತ್ತು. ಊರಿನವರು ಸ್ಪರ್ಧೆ ಇಟ್ಟರು. ಎಲ್ಲರಿಗೂ ಒಂದೇ ಅಳತೆಯ ಕಂಚು, ಒಂದೇ ವಿಷಯ: ದೇವರ ಮಾತಿಗೆ ಮಗನ ಕೊರಳಿಗೆ ಕತ್ತಿ ಹಿಡಿದ ತಂದೆ, ಕೊನೆಯ ಗಳಿಗೆಯಲ್ಲಿ ಬರುವ ದೇವದೂತ. ಕೊನೆಗೆ ಇಬ್ಬರು ಉಳಿದರು, ಇಬ್ಬರಿಗೂ ವಯಸ್ಸು ಇಪ್ಪತ್ತರ ಆಸುಪಾಸು. ಒಬ್ಬನ ಫಲಕದಲ್ಲಿ ಎಲ್ಲವೂ ನಯ, ಬಹುಪಾಲು ಒಂದೇ ಎರಕ. ಇನ್ನೊಬ್ಬನದರಲ್ಲಿ ದೇವದೂತ ತಂದೆಯ ಕೈಯನ್ನೇ ಗಟ್ಟಿಯಾಗಿ ಹಿಡಿದಿದ್ದಾನೆ, ಕೆಳಗೊಬ್ಬ ಆಳು ಇದ್ಯಾವುದರ ಪರಿವೆಯಿಲ್ಲದೆ ಕಾಲಿನ ಮುಳ್ಳು ಕೀಳುತ್ತಿದ್ದಾನೆ. ತೀರ್ಪುಗಾರರು ಇಬ್ಬರೂ ಸೇರಿ ಮಾಡಿ ಎಂದರಂತೆ. ಎರಡನೆಯವನು ಒಲ್ಲೆನೆಂದು ರೋಮಿಗೆ ಹೊರಟುಹೋದ. ವರ್ಷಗಳ ಮೇಲೆ ಮರಳಿ ಬಂದು ಅದೇ ಊರಿಗೆ ಗುಮ್ಮಟ ಕಟ್ಟಿದ.

"ಯಾರು ಸರಿ?" ಎಂದು ಸಿಸ್ಟರ್ ಕೇಳಿದ್ದರು.

ನಾನು ಎದ್ದು ನಿಂತು, ಹಂಚಿಕೊಳ್ಳುವುದು ಒಳ್ಳೆಯದು, ಅವನಿಗೆ ಗರ್ವ ಎಂದಿದ್ದೆ. ಗುಡ್ ಗರ್ಲ್ ಎಂದು ಮಾತೆ ಮರಿಯಳ ಪುಟ್ಟ ಚಿತ್ರ ಕೊಟ್ಟರು. ಆದರೆ ಕೊಡುವಾಗ ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಇನ್ನೊಂದು ಉತ್ತರಕ್ಕೆ ಕಾದವರಂತೆ.

ಇಲ್ಲಿಗೆ ಬಂದು ಮೂರು ವರ್ಷವಾದ ಮೇಲೆ ಎರಡು ಚಳಿಗಾಲ ಊರಿನ ಗ್ರಂಥಾಲಯದಲ್ಲಿ ಕೂತು ನಾನೊಂದು ಉದ್ದ ನೋಟುಪುಸ್ತಕ ತುಂಬಿಸಿದೆ. ಫ್ಲಾರೆನ್ಸಿನಲ್ಲಿ ಒಂದು ದಿನದ ನಡಿಗೆ, ಕನ್ನಡದಲ್ಲಿ. ಎಲ್ಲಿಂದ ಹೊರಡಬೇಕು, ಯಾವ ಮೂಲೆಯಲ್ಲಿ ತಿರುಗಬೇಕು, ಯಾವ ಗೋಡೆಯ ಮುಂದೆ ಯಾರ ಜಗಳ ಹೇಳಬೇಕು. ಪುಸ್ತಕವೊಂದರ ಫೋಟೋದಲ್ಲಿ ಗುಮ್ಮಟದೆದುರು ಕಲ್ಲಿನ ಕಟ್ಟೆಯೊಂದನ್ನು ಕಂಡು, ಮೆಟ್ಟಿಲಿಳಿಯುವಾಗ ನೋಯುವ ನನ್ನ ಮಂಡಿ ನೆನಪಾಗಿ, "ಇಲ್ಲಿ ಐದು ನಿಮಿಷ ಕೂತು ಮೇಲೆ ನೋಡಬೇಕು, ನನ್ನ ಬಲ ಮಂಡಿಗೂ ರಜೆ" ಎಂದು ಬರೆದೆ. ಸಿಸ್ಟರ್ ತರಗತಿಯನ್ನೂ ಬರೆದೆ. ಕಲಿತ ಅಭ್ಯಾಸ ಹೋಗುತ್ತದೆಯೇ, ಕಂದು ಕಾಗದದ ಬೈಂಡ್ ಹಾಕಿ, ಬಿಳಿ ಚೀಟಿ ಅಂಟಿಸಿ, ನನ್ನ ಹೆಸರು ಬರೆದೆ.

ಯೂರೋಪಿನಲ್ಲಿದ್ದೇನೆ, ಇಟಲಿ ಎಂದರೆ ಮೈಸೂರಿನಿಂದ ಮಡಿಕೇರಿಗೆ ಹೋದಂತೆ ಎಂದು ನಂಬಿದ್ದೆ. ಶೋಭಾ ನಕ್ಕಳು. "ಪದ್ದು, ಐರ್ಲೆಂಡ್ ಇಟಲಿಯ ವೀಸಾ ಗುಂಪಲ್ಲಿಲ್ಲ ಕಣೆ. ಇಲ್ಲಿನ ಕಾರ್ಡ್ ಇಟ್ಕೊಂಡು ಅಲ್ಲಿಗೆ ಹೋಗಕ್ಕಾಗಲ್ಲ. ನಿಂಗೆ ಬೇರೆ ವೀಸಾನೇ ಬೇಕು."

"ನಿಂಗೆ?"

"ನಂಗೆ ಪಾಸ್‌ಪೋರ್ಟ್ ಐತಲ್ಲ. ಬ್ಯಾಗ್ ಎತ್ಕೊಂಡು ಹೋಗ್ತಾ ಇರೋದೇ. ಆದ್ರೆ ನೀನಿಲ್ದೆ ನಾನ್ಯಾಕೆ ಹೋಗ್ಲಿ? ನಂಗೇನು ಗೊತ್ತು ಅದು? ಇಬ್ರೂ ಹೋಗಣ, ನೀನು ಹೇಳ್ತಾ ಹೋಗು, ನಾನು ಕೇಳ್ತಾ ಬರ್ತೀನಿ."

ಅಕ್ಟೋಬರ್ ಕೊನೆಯಲ್ಲಿ ಶಾಲೆಗಳಿಗೆ ಒಂದು ವಾರ ರಜೆ. ಇನ್ನೂ ಮೂರು ನಾಲ್ಕು ಕನ್ನಡ ಸಂಸಾರಗಳನ್ನು ಸೇರಿಸಿ ಆಗ ಹೋಗುವುದೆಂದು ಮಾತಾಯಿತು. ವೀಸಾ ಅರ್ಜಿ ಕೊಡಲು ದಿನ ಗೊತ್ತುಪಡಿಸುವ ಪುಟವನ್ನು ನಾನು ಆಗಸ್ಟ್‌ನಿಂದ ದಿನವೂ ಬೆಳಿಗ್ಗೆ ಅಕ್ಕಿ ತೊಳೆದಿಟ್ಟು ನೋಡಿದೆ. ಒಂದೂ ಖಾಲಿ ದಿನ ಸಿಗಲಿಲ್ಲ. ಸೆಪ್ಟೆಂಬರ್ ಕೊನೆಗೆ ಶೋಭಾ ಬಂದು ಸೋಫಾದಲ್ಲಿ ಕೂತಳು.

"ಬಿಡು ಪದ್ದು, ಎಲ್ರಿಗೂ ಹೇಳ್ಬಿಟ್ಟೆ, ಕ್ಯಾನ್ಸಲ್ ಅಂತ. ಮುಂದಿನ ವರ್ಷ ನೋಡಣ. ನಾವು ಆ ವಾರ ಸುಮ್ನೆ ಇಲ್ಲೇ ಪಕ್ಕದ ಕೆರಿ ಜಿಲ್ಲೆ ಕಡೆ ಹೋಗ್ಬರ್ತೀವಿ, ಸಮುದ್ರ ನೋಡ್ಕೊಂಡು." ಏಳುವಾಗ ಅಂದಳು, "ನಿನ್ನ ನೋಟ್‌ಬುಕ್ ಕೊಟ್ಟಿರು. ಓದ್ಕೊಂಡಿರ್ತೀನಿ."

ನಾನು ಎರಡೂ ಕೈಯಿಂದ ಕೊಟ್ಟೆ. ನನಗಾಗಿ ಬಿಟ್ಟುಕೊಟ್ಟಳಲ್ಲ ಎಂದು ಆ ವಾರ ಅವರ ಪ್ರಯಾಣಕ್ಕೆ ಕೋಡುಬಳೆ ಕರಿದು ಕೊಟ್ಟೆ.

ನವೆಂಬರಿನ ಭಾನುವಾರವೊಂದರ ಮಧ್ಯಾಹ್ನ ನಮ್ಮವರೆಲ್ಲ ಸೇರುವ ದೀಪಾವಳಿ ಊಟ. ಬಾಡಿಗೆಯ ಹಾಲ್, ಮಡಚುವ ಕುರ್ಚಿಗಳು, ಪರದೆಯ ಮೇಲೆ ಪ್ರತಿ ಸಂಸಾರದ ರಜೆಯ ಫೋಟೋಗಳು. ನನ್ನ ತಟ್ಟೆಯಲ್ಲಿ ಚಿತ್ರಾನ್ನವಿತ್ತು. ಪರದೆಯ ಮೇಲೆ ಕಂಚಿನ ಬಾಗಿಲು ಬಂತು.

ವಿಡಿಯೋ. ಬಾಗಿಲ ಮುಂದೆ ಹತ್ತು ಹನ್ನೆರಡು ಪರಿಚಿತ ಮುಖಗಳು, ಮಧ್ಯೆ ಶೋಭಾ. ಕೈಯಲ್ಲಿ ಕಂದು ಬೈಂಡಿನ ಪುಸ್ತಕ. ಚೀಟಿಯ ಮೇಲೆ ಅವಳ ಹೆಬ್ಬೆರಳು.

"ನಮ್ಮ ಕಾನ್ವೆಂಟಲ್ಲಿ ಸಿಸ್ಟರ್ ಕಾನ್ಸೆಪ್ಟಾ ಅಂತ ಇದ್ರು," ಎಂದಳು ಪರದೆಯ ಶೋಭಾ. "ಬೀರು ಬಾಗಿಲನ್ನೇ ಈ ಬಾಗಿಲು ಅಂತ ತೋರಿಸ್ತಿದ್ರು ನಮಗೆ."

ಅವಳು ಓದಿದ್ದು ದಾವಣಗೆರೆ ಬಳಿಯ ಸರ್ಕಾರಿ ಶಾಲೆಯಲ್ಲಿ. ನನಗೆ ಅದು ಗೊತ್ತು. ಹಾಲ್‌ನಲ್ಲಿದ್ದವರು ತಲೆದೂಗಿದರು. ನಡಿಗೆ ಮುಂದುವರಿಯಿತು, ನಾನು ಗೀಚಿದ ತಿರುವುಗಳಲ್ಲೇ ತಿರುಗಿತು, ನಾನಿಟ್ಟ ಕಡೆಯಲ್ಲೇ ನಿಂತಿತು. ಗುಮ್ಮಟದ ಎದುರು ಶೋಭಾ ಪುಸ್ತಕ ನೋಡಿಕೊಂಡು ಹೇಳಿದಳು, "ಇಲ್ಲಿ ಐದು ನಿಮಿಷ ಕೂತು ಮೇಲೆ ನೋಡ್ಬೇಕು. ನನ್ನ ಬಲ ಮಂಡಿಗೂ ರಜೆ."

ಪರದೆಯಲ್ಲೂ ಹಾಲ್‌ನಲ್ಲೂ ನಗು. ಯಾರೋ ಕೂಗಿದರು, "ಶೋಭಕ್ಕ, ಪಾರ್ಕಲ್ಲಿ ದಿನಾ ಓಡ್ತೀರಲ್ಲ, ಯಾವ ಮಂಡಿ ಅದು?"

ನನ್ನ ಮಗಳು ಅನು ನನ್ನ ಕಡೆ ಬಾಗಿ ತನ್ನ ಕಾರ್ಕ್ ಇಂಗ್ಲಿಷಿನಲ್ಲಿ ಮೆಲ್ಲಗೆ, "ಅಮ್ಮಾ, ದ್ಯಾಟ್ಸ್ ಯುವರ್ ನೀ, ಲೈಕ್," ಎಂದಳು. ಅದು ನನ್ನ ಮಂಡಿಯೇ.

ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟೆ ಕೆಳಗಿಟ್ಟು ತಟ್ಟಿದೆ. ಅದು ನನಗೆ ಇವತ್ತಿಗೂ ನಾಚಿಕೆ.

ಮರುದಿನ ಹನ್ನೊಂದು ಗಂಟೆಗೆ ಶೋಭಾ ಬಂದಳು. ಮೊದಲ ಸಲ ಬಾಗಿಲು ತಟ್ಟಿ. ಕೈಯಲ್ಲಿ ನೋಟುಪುಸ್ತಕ, ನನ್ನದೇ ಕೋಡುಬಳೆ ಡಬ್ಬಿ, ಅದರ ತುಂಬ ಇಟಲಿಯ ಬಿಸ್ಕತ್ತು.

"ಅವ್ರು ವಿಡಿಯೋ ಹಾಕ್ತಾರೆ ಅಂತ ನಂಗೆ ಗೊತ್ತಿರ್ಲಿಲ್ಲ ಕಣೆ."

"ಹಾಕ್ದೆ ಇದ್ದಿದ್ರೆ?"

ಅವಳು ಡಬ್ಬಿಯ ಮುಚ್ಚಳ ಒತ್ತಿದಳು. "ಟಿಕೆಟ್ ಎಲ್ಲಾ ಆಗೋಗಿತ್ತು. ಜನ ಬಿಡ್ಲಿಲ್ಲ. ನಿಂಗೆ ಹೇಳಿದ್ರೆ ನೀನು ಅಳ್ತಿದ್ದೆ."

"ಅಳ್ತಿದ್ದೆ. ಆಮೇಲೆ ಎದ್ದು ಪುಸ್ತಕ ನಾನೇ ಕೊಡ್ತಿದ್ದೆ. ನನ್ನ ಹೆಸರು ಹೇಳು ಅಂತಿದ್ದೆ, ಅಷ್ಟೇ."

"ಹೆಸರು ಹೇಳಿದ್ರೆ ಅವಳ್ಯಾಕೆ ಬರ್ಲಿಲ್ಲ ಅಂತ ಕೇಳ್ತಿದ್ರು."

"ಸಿಸ್ಟರ್‌ನ ಯಾಕೆ ತಗೊಂಡೆ, ಶೋಭಾ?"

ಅವಳು ಪುಸ್ತಕವನ್ನು ಮೇಜಿನ ಮೇಲಿಟ್ಟು ನನ್ನ ಕಡೆ ಸರಿಸಿದಳು. ನೀರು ಕುದ್ದು ಕೆಟಲ್ ತಾನೇ ಆರಿತು. "ನಂಗೆ ಹಂಗೆ ಯಾರೂ ಏನೂ ತೋರಿಸ್ಲಿಲ್ಲ ಪದ್ದು, ಸ್ಕೂಲಲ್ಲಿ. ಓದ್ತಾ ಓದ್ತಾ ನನ್ನ ಟೀಚರೇ ಅನ್ನಿಸಿಬಿಟ್ರು. ಹೇಳ್ಬೇಕಾದ್ರೆ ಸುಳ್ಳು ಅಂತಾನೇ ಅನ್ನಿಸ್ಲಿಲ್ಲ." ಆಮೇಲೆ ಕಣ್ಣೊರೆಸಿಕೊಂಡು ಹಳೆಯ ಹುರುಪಿನಲ್ಲಿ, "ನೋಡು, ಈಸ್ಟರ್‌ಗೆ ಇನ್ನೊಂದು ಗುಂಪು ಕೇಳ್ತಿದೆ. ಅಷ್ಟ್ರಲ್ಲಿ ನಿನ್ನ ವೀಸಾನೂ ಬರುತ್ತೆ. ಇಬ್ರೂ ಸೇರಿ ಮಾಡಣ. ನೀನು ಹೇಳು, ನಾನು ಜನ ಸೇರಿಸ್ತೀನಿ. ಅರ್ಧ ನಿಂದು, ಅರ್ಧ ನಂದು."

ಬೀರುವಿನ ಮುಂದೆ ಸಿಸ್ಟರ್ ನನ್ನ ಮುಖ ನೋಡಿದ ಆ ಗಳಿಗೆ ನೆನಪಾಯಿತು. ಮೂವತ್ತೈದು ವರ್ಷ ನಾನು ಆ ಎರಡನೆಯವನನ್ನು ಗರ್ವಿಷ್ಠ ಎಂದುಕೊಂಡಿದ್ದೆ. ಅವನ ಫಲಕದಲ್ಲಿ ಮುಳ್ಳು ಕೀಳುತ್ತ ಕೂತ ಆಳನ್ನು ಅವನಲ್ಲದೆ ಇನ್ನಾರು ಕಂಡಿದ್ದರು? ಅವನು ಅದರಲ್ಲಿ ಅರ್ಧವನ್ನು ಹೇಗೆ ಕೊಟ್ಟಾನು?

"ಬೇಡ ಶೋಭಾ," ಎಂದೆ.

"ಕೋಪ ಬಂತಾ?"

"ಇಲ್ಲ. ಬೇಡ ಅಷ್ಟೇ."

ಚಹಾ ಕುಡಿಯದೆ ಹೋದಳು. ಬಿಸ್ಕತ್ತನ್ನು ಅನು ತಿಂದಳು. ಈಗ ದಾರಿಯಲ್ಲಿ ಸಿಕ್ಕರೆ ಶೋಭಾ ಹೇಗಿದ್ದೀಯ ಎನ್ನುತ್ತಾಳೆ, ನಾನು ಗ್ರ್ಯಾಂಡ್ ಎನ್ನುತ್ತೇನೆ. ಈ ದೇಶ ಕೊಟ್ಟ ಆ ಪದದ ಪೂರ್ತಿ ಉಪಯೋಗ ನನಗೆ ತಿಳಿದದ್ದು ಹೀಗೆ. ಅದರ ಹಿಂದೆ ಎಷ್ಟು ಬೇಕಾದರೂ ಬಚ್ಚಿಡಬಹುದು.

ನೋಟುಪುಸ್ತಕವನ್ನು ಒಂದು ವಾರ ತೆರೆಯಲಿಲ್ಲ. ಆಮೇಲೊಂದು ಬೆಳಿಗ್ಗೆ ಕಾರ್ಕ್‌ಗೆ ಹೋಗುವ ಬಸ್ಸಿನ ಮೇಲಂತಸ್ತಿನಲ್ಲಿ ಕೂತು ತೆರೆದೆ. ಪುಟಗಳ ಅಂಚಿನಲ್ಲಿ ಅವಳ ಪೆನ್ಸಿಲ್ ಬರಹ. ಸಿಸ್ಟರ್ ತರಗತಿಯ ಪಕ್ಕದಲ್ಲಿ, "ಇಲ್ಲಿ ನಗಿಸಬೇಕು." ನಾನು ಅತ್ತು ಬರೆದ ಪುಟ ಅದು. ಹಾಳೆ ತಿರುವುತ್ತ ಹೋದೆ. ಗುಮ್ಮಟದ ಪುಟದಲ್ಲಿ, ಬೇರೆಯದೇ ನಿಧಾನದ ಅಕ್ಷರದಲ್ಲಿ, ಇನ್ನೊಂದು ಸಾಲು: "ಕಟ್ಟೆ ಇದೆ. ಮಧ್ಯಾಹ್ನ ಬಿಸಿಲು ಬರುತ್ತೆ. ಪದ್ದು ಬೆಳಿಗ್ಗೆ ಕೂರಬೇಕು."

ಜನಕ್ಕೆ ಹೇಳಲು ಬರೆದದ್ದಲ್ಲ ಅದು. ನನ್ನ ಕಟ್ಟೆಯ ಮೇಲೆ ನನ್ನ ಪುಸ್ತಕ ಹಿಡಿದು ಕೂತು ಅವಳು ನನ್ನನ್ನು ನೆನೆದಿದ್ದಳು. ನೆನೆದೂ ಎಲ್ಲರ ಮುಂದೆ ನನ್ನ ಹೆಸರೆತ್ತಲಿಲ್ಲ. ಮರೆತಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಚೀಲದಲ್ಲಿ ಅನುವಿನ ರಬ್ಬರ್ ಇತ್ತು. ನಗಿಸುವ ಸಾಲನ್ನು ಅಳಿಸಿದೆ. ಕಟ್ಟೆಯ ಸಾಲಿನ ಮೇಲೂ ರಬ್ಬರ್ ಇಟ್ಟೆ. ಬಸ್ಸು ನದಿ ದಾಟುವವರೆಗೂ ಹಾಗೇ ಹಿಡಿದಿದ್ದೆ, ಉಜ್ಜಲು ಕೈ ಬರಲಿಲ್ಲ.

ನಮ್ಮ ಪೌರತ್ವದ ಅರ್ಜಿ ಯಾವುದೋ ಮೇಜಿನ ಮೇಲಿದೆ. ಅದು ಬಂದರೆ ವೀಸಾ ಕೇಳದೆ ಫ್ಲಾರೆನ್ಸಿಗೆ ಹೋಗಬಹುದು, ಆಮೇಲೆ ಕೇಳದೆ ಮೈಸೂರಿಗೆ ಹೋಗಲಾಗದು. ಒಂದು ಬಾಗಿಲಿನ ಕೀಲಿ ಕೊಟ್ಟು ಇನ್ನೊಂದರದು ತೆಗೆದುಕೊಳ್ಳುವ ವ್ಯವಹಾರ. ಆ ಬೆಂಚುಗಳ ಓಣಿಗೆ ಹೋಗಲು ಮಾತ್ರ ಯಾವ ಕಾಗದವೂ ಬೇಡವೆಂದುಕೊಂಡಿದ್ದೆ. ಅಲ್ಲಿಗೂ ಒಬ್ಬಳು ನನಗಿಂತ ಮೊದಲು ಹೋಗಿ ಬಂದಳು.

ಇಳಿಯುವಾಗ ಚಾಲಕನಿಗೆ ಥ್ಯಾಂಕ್ಸ್ ಹೇಳಿದೆ. ಇಲ್ಲಿ ಎಲ್ಲರೂ ಹೇಳುತ್ತಾರೆ, ನಮ್ಮೂರ ಕಂಡಕ್ಟರಿಗೆ ಹೇಳಿದ್ದರೆ ಗಾಬರಿಯಾಗುತ್ತಿದ್ದ.

"ಗುಡ್ ಗರ್ಲ್," ಎಂದ ಅವನು, ಸಿಸ್ಟರ್ ದನಿಯಲ್ಲಿ.

ಈ ಸಲ ನೆಟ್ಟಗೆ ನಿಲ್ಲಲಿಲ್ಲ. ಚೀಲದೊಳಗಿನ ಪುಸ್ತಕವನ್ನು ಎದೆಗೊತ್ತಿಕೊಂಡು, ಮಂಡಿ ನೋಡಿಕೊಂಡು, ಕೆಳಗಿಳಿದೆ.