ಎರಡೇ ಗಂಟೆಯ ದಾರಿ

ಟಿಕೆಟ್ ಅಂಗಡಿಯ ಯಜಮಾನರನ್ನು ಪೇಟೆಯವರೆಲ್ಲ ದಾರದ ಮಾವ ಎನ್ನುತ್ತಿದ್ದರು. ಇಂಥ ಊರು ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ಸಾಕು, ಅವರು ಹೊಲಿಗೆ ದಾರದ ತುಂಡೊಂದನ್ನು ಗೋಡೆಯ ನಕ್ಷೆಯ ಮೇಲೆ ಊರಿಂದ ಊರಿಗೆ ಬಿಗಿಯಾಗಿ ಹಿಡಿದು, ಅಳತೆಪಟ್ಟಿಗೆ ಹಚ್ಚಿ, ಕಣ್ಣು ಮುಚ್ಚಿ ಭಾಗಿಸಿ, ವಿಮಾನದಲ್ಲಿ ಇಷ್ಟು ಹೊತ್ತು ಎಂದು ತೀರ್ಪು ಕೊಡುತ್ತಿದ್ದರು. ಬಸ್ಸಿನ ಟಿಕೆಟ್ಟಿಗೆ ಬಂದವರಿಗೂ ಅದೇ ತೀರ್ಪು. ಸ್ವತಃ ಅವರು ವಿಮಾನದ ಮೆಟ್ಟಿಲನ್ನೂ ತುಳಿದವರಲ್ಲ.

ಮಗಳಿಗೆ ದೂರದ ಊರಿನ ಸಂಬಂಧ ಬಂದಾಗ ಹೆಂಡತಿ ಸುತರಾಂ ಒಪ್ಪಲಿಲ್ಲ. ಹುಡುಗ ಅಪರಂಜಿಯೇ ಇರಬಹುದು, ಆದರೆ ಮಗಳಿಗೆ ತಲೆನೋವು ಎಂದು ಕೇಳಿ ಹೊರಟರೆ ಹೋಗಿ ಸೇರುವಷ್ಟರಲ್ಲಿ ತಮ್ಮ ತಲೆ ನೆರೆತಿರುತ್ತದೆ ಎಂಬುದು ಅವಳ ವಾದ. ಮಾವ ಅವಳ ಹೊಲಿಗೆ ಯಂತ್ರದಿಂದಲೇ ದಾರ ಎಳೆದು ನಕ್ಷೆಗೆ ಹಿಡಿದರು.

"ನೋಡೇ, ಎರಡೇ ಗಂಟೆ. ನೀನು ಬಟ್ಟೆ ಒಣಹಾಕಿ ಹೊರಟ್ರೆ, ಅದು ಒಣಗೋದ್ರೊಳಗೆ ಮಗಳ ಮನೇಲಿರ್ತೀಯ."

"ಅವಳ ಹೆರಿಗೆ ಹೊತ್ತಿಗೆ ನಾನು ಪಕ್ಕದಲ್ಲಿರ್ಬೇಕು. ಅಷ್ಟು ಮಾತು ಕೊಡಿ."

ಮಾವ ಧಾರಾಳವಾಗಿ ಮಾತು ಕೊಟ್ಟರು. ಮದುವೆಯಾಯಿತು. ಬಸುರಿ ಅಷ್ಟು ದೂರ ಪಯಣಿಸಬಾರದೆಂದು ವೈದ್ಯರು ಹೇಳಿದ್ದರಿಂದ ಹೆರಿಗೆ ಅಳಿಯನ ಊರಲ್ಲೇ ಎಂದಾಯಿತು. ಮಗಳಿಗೆ ದಿನ ತುಂಬುತ್ತಾ ಬಂದಾಗ ಹೆಂಡತಿ ಮೊದಲೇ ಹೋಗಿರೋಣವೆಂದಳು. ಎರಡು ಗಂಟೆ ದಾರಿಗೆ ತಿಂಗಳು ಮುಂಚೆ ಹೋಗಿ ಬೀಗರ ಮನೆಯಲ್ಲಿ ಠಿಕಾಣಿ ಹೂಡಿದರೆ ಜನ ನಗುತ್ತಾರೆ ಎಂದು ಮಾವ ತಡೆದರು.

ಒಂದು ಬೆಳಿಗ್ಗೆ ನೋವು ಶುರುವಾಗಿದೆ ಎಂದು ಅಳಿಯನ ಫೋನು ಬಂತು. ಹೆಂಡತಿ ಬಕೆಟ್ಟಿನಲ್ಲಿದ್ದ ಬಟ್ಟೆಯನ್ನು ತಂತಿಗೆ ಹಾಕಿ ಹೊರಟೇಬಿಟ್ಟಳು; ಮಾವನೂ ಅವಳ ಹಿಂದೆಯೇ ಹೊರಟರು. ದಾರ ಮುಚ್ಚಿಟ್ಟಿದ್ದ ಸಂಗತಿ ಆಗ ಒಂದೊಂದೇ ಬಿಚ್ಚಿಕೊಂಡಿತು. ಅವರ ಊರಿನಲ್ಲಿ ವಿಮಾನ ನಿಲ್ದಾಣವಿರಲಿಲ್ಲ. ಅಳಿಯನ ಊರಿನಲ್ಲೂ ಇರಲಿಲ್ಲ. ಬಸ್ಸಿನಲ್ಲಿ ಕುಲುಕುತ್ತಾ ನಗರ ಮುಟ್ಟುವಾಗ ಹೊತ್ತು ನೆತ್ತಿ ದಾಟಿತ್ತು. ನಿಲ್ದಾಣದಲ್ಲಿ ಸಾಲು ನಿಂತು, ಚೀಲದಲ್ಲಿದ್ದ ಕತ್ತರಿಯನ್ನು ಕಾವಲಿನವರಿಗೆ ಒಪ್ಪಿಸಿ ಒಳಹೋದರೆ, ಹಾರಬೇಕಾದ ವಿಮಾನ ಇನ್ನೂ ಬಂದೇ ಇರಲಿಲ್ಲ.

ಅಂತೂ ಹಾರಿತು; ಸರಿಯಾಗಿ ಎರಡು ಗಂಟೆಯಲ್ಲಿ ಇಳಿಯಿತು. ಮಾವನ ಮುಖ ಅರಳಿತು. "ನೋಡಿದ್ಯಾ? ಒಂದು ನಿಮಿಷ ಹೆಚ್ಚಿಲ್ಲ, ಕಮ್ಮಿಯಿಲ್ಲ."

ಹೆಂಡತಿ ಆಗಲೇ ಚೀಲ ಎತ್ತಿಕೊಂಡು ಹೊರಟಿದ್ದಳು. ಅಲ್ಲಿಂದ ಮತ್ತೊಂದು ಬಸ್ಸು. ಅದು ನಕ್ಷೆಯಲ್ಲಿ ದಾರ ಲೀಲಾಜಾಲವಾಗಿ ದಾಟಿದ್ದ ಬೆಟ್ಟವನ್ನು ಏದುಸಿರು ಬಿಡುತ್ತಾ ಸುತ್ತಿ ಸುತ್ತಿ ಹತ್ತಿತು.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಕೋಣೆಗೆ ಕಾಲಿಟ್ಟಾಗ ಕೂಸು ಆಗಲೇ ಹುಟ್ಟಿ, ಅತ್ತು, ಕುಡಿದು, ಬೀಗಿತ್ತಿಯ ತೊಡೆಯ ಮೇಲೆ ನಿದ್ದೆಹೋಗಿತ್ತು. ರಾತ್ರಿಯೆಲ್ಲ ಮಗಳ ಕೈ ಹಿಡಿದು ಕೂತವಳೂ ಬೀಗಿತ್ತಿಯೇ.

ಮಗಳು ಕಣ್ಣು ತೆರೆದು, "ಅಮ್ಮಾ, ತುಂಬಾ ಕರೆದೆ ನಿನ್ನ," ಎಂದಳು.

ಹೆಂಡತಿ ಮಗಳ ತಲೆ ಸವರುತ್ತಾ ಕೂತಳು. ಗಂಡನ ಕಡೆ ತಿರುಗಲೂ ಇಲ್ಲ.

"ಬಟ್ಟೆ ಒಣಗಿರ್ಬೇಕು, ಅಲ್ವೇನ್ರೀ?"

ದಾರದ ಮಾವ ಇನ್ನೂ ಬಾಗಿಲಲ್ಲೇ ನಿಂತಿದ್ದರು. ಬಾಗಿಲಿನಿಂದ ಮಂಚಕ್ಕೆ ನಾಲ್ಕು ಹೆಜ್ಜೆಯೂ ಇರಲಿಲ್ಲ. ಆದರೂ ಅಲ್ಲಿಗೆ ಹೋಗಿ ಮುಟ್ಟಲು ಅವರಿಗೆ ಬಹಳ ಹೊತ್ತು ಹಿಡಿಯಿತು.