ಕೌನಾಕಳ ಅಪ್ಪ ಚುನಾವಣೆಗೆ ನಿಂತ ವರ್ಷ

ಉತ್ತರದ ಹಿಮನಾಡಿನ ನಮ್ಮೂರಲ್ಲಿ ಬಾಗಿಲು ತಟ್ಟಿ ಬರುವವರು ಪೊಲೀಸರು ಮಾತ್ರ. ಉಳಿದವರೆಲ್ಲ ಸೀದಾ ಒಳಗೆ. ಹಾಗೆ ಬಂದವರ ಕೈಯನ್ನು ನನ್ನ ಪಕ್ಕದ ಮನೆಯ ಕೌನಾಕ್ ಮೊದಲು ನೋಡುತ್ತಾಳೆ, ಆಮೇಲೆ ಮುಖವನ್ನು. ಕೈಯಲ್ಲಿ ಏನಾದರೂ ಇದ್ದರೆ ಅವಳ ಹುಬ್ಬು ಗಂಟಾಗುತ್ತದೆ. ಅವಳನ್ನು ಸುಮ್ಮನೆ ದೂರುವಂತಿಲ್ಲ. ಚಿಕ್ಕವಳಿದ್ದಾಗ ಸರ್ಕಾರದವರು ಯಾರೋ ಬಿಸ್ಕತ್ತು ಕೊಟ್ಟು, ವಿಮಾನ ಹತ್ತಿಸಿ, ದೂರದ ಶಾಲೆಗೆ ಒಯ್ದರು. ತಿರುಗಿ ಬರುವಷ್ಟರಲ್ಲಿ ಅಪ್ಪ ತುಲುಗಾಕ್ ಸತ್ತಿದ್ದ.

ಮರುವರ್ಷ ನೆರೆಯಲ್ಲಿ ಹುಟ್ಟಿದ ಕೂಸಿಗೆ ಹಿರಿಯರು ತುಲುಗಾಕ್ ಎಂದೇ ಹೆಸರಿಟ್ಟರು. ನಮ್ಮಲ್ಲಿ ಸತ್ತವರ ಹೆಸರು ಬಂದರೆ ಆ ಮನುಷ್ಯನೇ ಬಂದಂತೆ. ಕೌನಾಕ್ ಆ ಕೂಸನ್ನು ಕೋಟಿನ ಬೆನ್ನಿಗಿರುವ ದೊಡ್ಡ ಟೊಪ್ಪಿಗೆಯೊಳಗೆ ಹೊತ್ತು ತಿರುಗಿದಳು, "ಅಪ್ಪಾ" ಎಂದೇ ಕರೆದಳು. ಅವನಿಗೆ ಮಾತು ಬಂದ ಮೇಲೆ ಅವನೂ ಅವಳನ್ನು "ಮಗಳೇ" ಎಂದ. ಬೇಟೆಯಾಡಲು ಕಲಿತ ಮೇಲೆ, ಕಡಲಲ್ಲಿ ಹೊಡೆದ ಪ್ರತಿ ಸೀಲ್ ಪ್ರಾಣಿಯಲ್ಲೂ ಅವಳ ಪಾಲು ತಪ್ಪಿಸಲಿಲ್ಲ. ಲೋಕದಲ್ಲಿ ಅವಳು ಕೈ ನೋಡದೆ ಒಳಗೆ ಬಿಟ್ಟುಕೊಂಡವನು ಅವನೊಬ್ಬನೇ.

ಅಂಥವನು ನಮ್ಮ ಈ ನಾಡಿನ, ನುನಾವುತ್‌ನ, ವಿಧಾನಸಭೆಗೆ ನಿಂತ. ನಮ್ಮಲ್ಲಿ ಪಕ್ಷಗಳಿಲ್ಲ. ಪಕ್ಷವಿದ್ದರೆ ಬಾವುಟ ನೋಡಿ ಬೈದು ಹಗುರಾಗಬಹುದು. ಇಲ್ಲಿ ಒಬ್ಬೊಬ್ಬರ ಮುಖ ನೋಡಿಯೇ ಅಳೆಯಬೇಕು, ಆ ಮುಖಗಳೋ ಎಲ್ಲ ನೆಂಟರದೇ. ಚುನಾವಣೆ ಬಂತೆಂದರೆ ಊರಲ್ಲಿ ಚಹಾಕ್ಕೆ ಕರೆದರೂ ಯಾಕೆ ಕರೆದರೆಂದು ಯೋಚಿಸುವ ಹಾಗಾಗುತ್ತದೆ.

ಅಕ್ಟೋಬರ್‌ನ ಒಂದು ಮಧ್ಯಾಹ್ನ ನಾನು ಅವಳ ಮನೆಯಲ್ಲಿ ಕೂತಿದ್ದೆ. ಬಾಗಿಲು ಟಕಟಕ ಎಂದಿತು. ತೆರೆದರೆ ತುಲುಗಾಕ್, ಕೈಯಲ್ಲಿ ಸೀಲ್ ಮಾಂಸ. ಚುನಾವಣೆಯಲ್ಲಿ ಮಾತ್ರ ವೋಟು ಕೇಳುವವರೂ ಪೊಲೀಸರಂತೆ ತಟ್ಟುತ್ತಾರೆ; ಬೆಳಿಗ್ಗೆಯಿಂದ ಮನೆಮನೆಗೆ ಹೋಗಿ ಮತ ಕೇಳುತ್ತ, ತಟ್ಟಿ ತಟ್ಟಿ ಅದೇ ಅಭ್ಯಾಸವಾಗಿತ್ತೋ ಏನೋ.

"ಬಾಗ್ಲು ಯಾಕಪ್ಪಾ ತಟ್ಟಿದೆ?" ಕೌನಾಕ್ ಕೇಳಿದಳು.

"ಅಯ್ಯೋ, ಮರೆತು ತಟ್ಬಿಟ್ಟೆ ಮಗಳೇ. ತಗೋ, ನಿನ್ನ ಪಾಲು."

"ಮಗಳ ಮನೆಗೆ ಬಂದೋನು ತಟ್ಟಲ್ಲ. ವೋಟು ಕೇಳೋಕೆ ಬಂದೋನು ತಟ್ತಾನೆ. ವಾಪಸ್ ತಗೊಂಡ್ಹೋಗು."

ನಮ್ಮಲ್ಲಿ ಮಾಂಸ ಬೇಡವೆನ್ನುವುದು ಕೆನ್ನೆಗೆ ಹೊಡೆದಂತೆ. ಅವನ ಮುಖ ಕಪ್ಪಿಟ್ಟಿತು. ಅವನು ಹೋದ ಮೇಲೆ ನಾನು ರೇಗಿದೆ: "ನಿಂಗೇನಾದ್ರೂ ಬುದ್ಧಿ ಇದ್ಯಾ ಅಕ್ಕಾ? ವರ್ಷವೆಲ್ಲ ತರ್ತಿದ್ನಲ್ಲ!" ಅವಳು ಕೇಳಲಿಲ್ಲ. ಫೋನೆತ್ತಿ ಊರಿನ ರೇಡಿಯೋಗೆ ಮಾತಾಡಿಯೇಬಿಟ್ಟಳು: "ಚುನಾವಣೆ ಹೊತ್ತಲ್ಲಿ ನಮ್ಮಪ್ಪ ಮಾಂಸ ತಂದ. ನಾನು ಮುಟ್ಲಿಲ್ಲ. ತಗೊಂಡೋರು ಯೋಚ್ನೆ ಮಾಡಿ."

ಅಲ್ಲಿಗೆ ಊರು ಕೆಟ್ಟಿತು. ಯಾರ ಮನೆಯಿಂದ ಬೇಯುವ ವಾಸನೆ ಬಂದರೂ ಯಾರು ಕೊಟ್ಟದ್ದೆಂಬ ಪಿಸುಮಾತು. ಬೇಟೆಗಾರರು ಮಾಂಸ ಹಂಚುವುದನ್ನೇ ಬಿಟ್ಟರು. ಆದರೂ ತುಲುಗಾಕ್ ಕೂದಲೆಳೆ ಅಂತರದಲ್ಲಿ ಗೆದ್ದ.

ಗೆದ್ದವರೆಲ್ಲ ರಾಜಧಾನಿಯಲ್ಲಿ ಸೇರಿ, ತಮ್ಮೊಳಗೇ ಗುಟ್ಟಾಗಿ ಮತ ಹಾಕಿ ಮಂತ್ರಿಗಳನ್ನು ಆರಿಸಿಕೊಳ್ಳುವುದು ನಮ್ಮ ಪದ್ಧತಿ. ಮಂತ್ರಿಯಾಗಬೇಕೆನ್ನುವವನು ಮೊದಲು ಎದ್ದು ನಿಂತು ಎಲ್ಲರ ಪ್ರಶ್ನೆಗೂ ಉತ್ತರಿಸಬೇಕು. ಅದು ಟಿವಿಯಲ್ಲಿ ಬರುತ್ತದೆ. ಅವತ್ತು ನಾನೂ ನನ್ನ ತುಂಬು ಬಸುರಿ ಮಗಳು ಸೀಲಾಳೂ ಕೌನಾಕಳ ಮನೆಯಲ್ಲೇ ನೋಡುತ್ತಿದ್ದೆವು. ತುಲುಗಾಕ್ ನಿಂತ. ಸದಸ್ಯನೊಬ್ಬ ಕೇಳಿದ: "ನೀವು ಮಾಂಸ ಕೊಟ್ಟು ವೋಟು ಕೇಳಿದ್ರಿ ಅಂತ ನಿಮ್ಮೂರಿನ ಹಿರಿಯರೊಬ್ರು ರೇಡಿಯೋದಲ್ಲಿ ಹೇಳಿದ್ರಂತೆ. ನಿಜವಾ?"

ಕೌನಾಕ್ ಮುಂದಕ್ಕೆ ಬಾಗಿದಳು. "ಹೇಳಪ್ಪಾ, ಮಗಳಿಗೆ ತಂದಿದ್ದೆ ಅಂತ ಹೇಳು," ಎಂದಳು ಮೆಲ್ಲಗೆ. ತನ್ನ ಅನುಮಾನ ಸುಳ್ಳಾಗಲೆಂದು ಅವಳು ಇಷ್ಟು ಆಸೆಪಟ್ಟದ್ದನ್ನು ನಾನು ಕಂಡಿರಲಿಲ್ಲ.

ತುಲುಗಾಕ್ ನೀರು ಕುಡಿದ. "ಪಾಪ, ಆಕೆಗೆ ವಯಸ್ಸಾಗಿದೆ, ಬುದ್ಧಿ ಸ್ಥಿಮಿತದಲ್ಲಿಲ್ಲ. ನನಗೆ ಆಕೆ ಏನೂ ಆಗ್ಬೇಕಿಲ್ಲ."

ಸಂಜೆಯ ಹೊತ್ತಿಗೆ ಅವನು ಮಂತ್ರಿ. ಊರಿನವರು ಬಂದೂಕು ಹಾರಿಸಿ ಕುಣಿದರು. ಅವನು ಮೊದಲೇ ಹಾಗಿದ್ದನೋ, ಇವಳ ಅನುಮಾನವೇ ಅವನನ್ನು ಹಾಗೆ ಮಾಡಿತೋ ನನಗೆ ಇಂದಿಗೂ ಬಗೆಹರಿದಿಲ್ಲ. ಇಬ್ಬರ ಮೇಲೂ ನನಗೆ ಸಿಟ್ಟಿದೆ.

ಕೌನಾಕ್ ಟಿವಿ ಆರಿಸಿದಳು. ಅಳಲಿಲ್ಲ. ಸೀಲಾಳ ಹೊಟ್ಟೆಯ ಮೇಲೆ ಕೈಯಿಟ್ಟಳು.

"ನಮ್ಮಪ್ಪ ಆ ಮಂತ್ರಿಯನ್ನ ಬಿಟ್ಟು ಹೊರಟ. ಈ ಕೂಸಿಗೆ ಅಪ್ಪನ ಹೆಸರಿಡು ತಾಯಿ, ಇಲ್ಲಿಗೆ ಬರ್ಲಿ."

ಸೀಲಾ ನನ್ನ ಮುಖ ನೋಡಿದಳು.

"ಇಡ್ತೀವಿ ಅಕ್ಕಾ," ಎಂದೆ. "ಆದ್ರೆ ನಾಳೆ ಈ ಕೂಸು ದೊಡ್ಡದಾಗಿ ನಿಂಗೆ ಮಾಂಸ ತಂದ್ರೆ ನಂಬ್ತೀಯಾ?"

ಅವಳು ಸೀಲಾಳ ಹೊಟ್ಟೆಯ ಮೇಲಿನ ಕೈ ತೆಗೆಯಲಿಲ್ಲ.

"ಎಲೆಕ್ಷನ್ ಇಲ್ದಿರೋ ವರ್ಷ ಆದ್ರೆ ನಂಬ್ತೀನಿ," ಎಂದಳು.