ಮೊದಲು ಲೈನಿನ ಮೇಲೆ ಅನುಮಾನ

ಅವರ ಬಲಗಿವಿಯ ಮೇಲಂಚು ಮಡಚಿ ಚಪ್ಪಟೆಯಾಗಿತ್ತು. ಕುಮಟೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ವರ್ಷಗಟ್ಟಲೆ ಹೆಡ್‌ಫೋನ್ ಹಾಕಿ ಕೂತು ಆದದ್ದು. ಯಾರು ಮಾತಾಡಿದರೂ ಆ ಕಿವಿಯನ್ನೇ ಮುಂದೆ ಮಾಡಿ, ಕಣ್ಣು ಸಣ್ಣದು ಮಾಡಿ ಕೇಳುವರು, ಆಡಿದ ಮಾತಿನ ಹಿಂದೆ ಇನ್ನೊಂದು ಮಾತು ಅಡಗಿದೆಯೇನೋ ಎಂಬಂತೆ. ನಿವೃತ್ತರಾಗಿ ಹೊನ್ನಾವರದಲ್ಲಿ ನಮ್ಮ ಪಕ್ಕದ ಮನೆಗೆ ಬಂದ ಮೇಲೂ ಕೇರಿಗೆಲ್ಲ ಅವರು ಎಕ್ಸ್‌ಚೇಂಜ್ ಅಕ್ಕೋರೇ.

ಅನುಮಾನ ಅವರ ಹುಟ್ಟುಗುಣ. ಸ್ವಂತ ನಾದಿನಿ ಬಂಗಡೆ ಮೀನು ತಂದುಕೊಟ್ಟರೂ ಕಿವಿರು ಎತ್ತಿ ನೋಡದೆ ಒಳಗೆ ಒಯ್ಯುತ್ತಿರಲಿಲ್ಲ. ಗ್ಯಾಸ್ ತಂದವನನ್ನು ನಿಲ್ಲಿಸಿಕೊಂಡೇ ಸಿಲಿಂಡರಿಗೆ ಸಾಬೂನು ನೀರು ಹಚ್ಚಿ, ಗುಳ್ಳೆ ಬರುತ್ತದೋ ನೋಡುವರು. ಬಾಗಿಲು ಬಡಿದು "ನಾನೇ ಅಕ್ಕೋರೇ" ಅಂದರೆ ಒಳಗಿನಿಂದ ಉತ್ತರ ಬರುತ್ತಿತ್ತು: "ಎಲ್ಲಾರೂ ನಾನೇ ಅಂತಾರೆ. ಹೆಸ್ರು ಹೇಳು."

ನನ್ನ ಗಂಡ ಆಗ ಮಸ್ಕತ್ತಿನ ಒಂದು ವರ್ಕ್‌ಶಾಪಿನಲ್ಲಿದ್ದರು. ರಜೆಗೆ ಬಂದಾಗ ಲ್ಯಾಪ್‌ಟಾಪ್ ಕೊಟ್ಟು, ಜಗಲಿಯ ಗೋಡೆಗೆ ವೈರ್‌ಲೆಸ್ ಪೆಟ್ಟಿಗೆ ಹಾಕಿಸಿ ಹೋಗಿದ್ದರು. ದಿನಾ ಸಂಜೆ ಮುಖ ನೋಡಿ ಮಾತು. ಲ್ಯಾಪ್‌ಟಾಪ್ ನಿಧಾನವಾಯಿತೆಂದು ಕುಮಟೆಯ ಅಂಗಡಿಯೊಂದರಲ್ಲಿ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿಸಿಕೊಂಡು ಬಂದೆ. ಕಾಟ ಶುರುವಾದದ್ದು ಅಲ್ಲಿಂದ. ಮಾತಾಡುತ್ತಿದ್ದ ಹಾಗೇ ಅವರ ಮುಖ ಬಾಯಿ ತೆರೆದು ನಿಂತುಬಿಡುವುದು, ಸಂಪರ್ಕ ಹೋಗುವುದು.

ಅದೂ ಯಾವಾಗ? ಜಗಲಿಯಲ್ಲಿ ಅತ್ತೆಯ ಎದುರು ಮಳೆ, ಮೀನು, ನೆಂಟರ ಸುದ್ದಿ ಆಡುವಷ್ಟು ಹೊತ್ತು ಏನೂ ಆಗುತ್ತಿರಲಿಲ್ಲ. ಒಳಕೋಣೆಗೆ ಎತ್ತಿಕೊಂಡು ಹೋಗಿ, "ಯಾವಾಗ ಬರೂದು? ಯಾಕೆ ಹೀಗೆ ಸೊರಗಿದ್ದು?" ಎಂದು ಕೇಳಿದೆನೋ, ಸಂಪರ್ಕ ಕಡಿಯಿತು. ಮತ್ತೆ ಸಿಕ್ಕಾಗ "ನಿನ್ನ ಕಡೇದೇ ತೊಂದ್ರೆ" ಎನ್ನುವರು, ನಾನು ಕೇಳುವ ಮೊದಲೇ. ಒಮ್ಮೆ ಅವರ ಹಿಂದೆ ಹೆಂಗಸೊಬ್ಬಳು ನಕ್ಕದ್ದು ಕೇಳಿಸಿತು. ಟಿವಿ ಎಂದರು. ಆ ನಗು ಕೆಲಸ ಮಾಡುವಾಗಲೂ ನನ್ನ ಕಿವಿ ಬಿಡಲಿಲ್ಲ. ಒಂದು ಸಂಜೆ, ಬೆಳಕೆಯಲ್ಲಿದ್ದ ತವರಿಗೆ ಹೋಗಿಯೇ ಬಿಡುವುದೆಂದು ಬಟ್ಟೆ ತುಂಬುತ್ತಿದ್ದೆ. ಅಕ್ಕೋರು ಬಾಗಿಲಲ್ಲಿ ಬಂದು ನಿಂತರು.

"ಎಂತ ಆತೇ ತಂಗಿ?"

ಎಲ್ಲ ಹೇಳಿದೆ. "ಕಡ್ದದ್ದು ಅವನೇ ಅಂತ ಎಂತ ಸಾಕ್ಷಿ?" ಎಂದರು.

"ನಾ ಕೇಳ್ದಾಗ್ಲೇ ಕಡೀತದೆ ಅಕ್ಕೋರೇ."

"ಅವನ ಮೇಲೆ ಅನುಮಾನ ಪಡಬೇಡ ಅಂತಿಲ್ಲ. ಆದ್ರೆ ಮೊದ್ಲು ಲೈನಿನ ಮೇಲೆ ಪಡು."

ಮಂಚದ ತುದಿಯಲ್ಲಿ ಕೂತು ಹಳೆಯದೊಂದು ಸಂಗತಿ ಹೇಳಿದರು. ಗೇರುಸೊಪ್ಪದ ಒಬ್ಬಳು ಪೋಸ್ಟಾಫೀಸಿನಿಂದ ಮುಂಬೈಯ ಗಂಡನಿಗೆ ಟ್ರಂಕ್ ಕಾಲ್ ಮಾಡುತ್ತಿದ್ದಳಂತೆ. ಮೇಲಿಂದ ಮೇಲೆ ಲೈನ್ ಕಡಿಯಿತು. ಗಂಡನೇ ಫೋನ್ ಇಟ್ಟುಬಿಡುತ್ತಿದ್ದಾನೆಂದು ತಿಳಿದು ಅವಳು ಬರುವುದನ್ನೇ ಬಿಟ್ಟಳು. ನಿಜಕ್ಕೆ ತಂತಿಯ ಮೇಲೆ ಮರದ ಗೆಲ್ಲು ಬಿದ್ದಿತ್ತು. "ಲೈನ್ ಸಮಾ ಆದ್ಮೇಲೆ ಅಂವ ಮುಂಬೈಯಿಂದ ಎಷ್ಟೋ ದಿನ ಆ ಪೋಸ್ಟಾಫೀಸಿನ ನಂಬರ್ ಕೇಳ್ತಿದ್ದ. ಯಾರೂ ಬರೂದಿಲ್ಲ ಅಂತ ನಾನೇ ಹೇಳ್ಬೇಕಾಗಿತ್ತು ಅವಂಗೆ."

ಮರುದಿನ ಅಕ್ಕೋರು ಗೋಡೆಯ ಪೆಟ್ಟಿಗೆಯಿಂದ ಒಳಕೋಣೆಯ ಲ್ಯಾಪ್‌ಟಾಪಿಗೆ ನೇರ ತಂತಿ ಹಾಕಿಸಿ, ಪಕ್ಕದಲ್ಲೇ ಕಾದು ಕೂತರು. ಗಂಡನೊಡನೆ ಅದೂ ಇದೂ ಮಾತಾಡಿದೆ, ಕಡಿಯಲಿಲ್ಲ. "ಹೊರಗಿನ ಲೈನ್ ಸಮಾ ಅದೆ. ಕಳ್ಳ ಪೆಟ್ಟಿಗೆಗೂ ಇದಕ್ಕೂ ನಡುವೆ ಇದ್ದ" ಎಂದು ನನ್ನನ್ನು ಕುಮಟೆಯ ಬಸ್ಸಿಗೆ ಹತ್ತಿಸಿ, ತಾವೂ ಹತ್ತಿದರು.

ಅಂಗಡಿಯವನು ಲ್ಯಾಪ್‌ಟಾಪನ್ನು ತಿರುವಿ ನೋಡಿ, "ಸಮುದ್ರದ ಉಪ್ಪುಗಾಳಿ ಅಮ್ಮಾ. ವೈರ್‌ಲೆಸ್ ಕಾರ್ಡ್ ತಿಂದುಹಾಕಿದೆ. ಹೊಸತು ಹಾಕ್ಬೇಕು" ಎಂದ.

"ನೀ ಹೊಸ ಸಿಸ್ಟಂ ಹಾಕಿದ ದಿನವೇ ಉಪ್ಪುಗಾಳಿ ಬೀಸೂಕೆ ಶುರುವಾಯ್ತನಾ?" ಅಕ್ಕೋರು ಕುರ್ಚಿ ಎಳೆದುಕೊಂಡರು. "ಹಳೇದ್ರಲ್ಲಿ ಇಲ್ದೇ ಇದ್ದದ್ದು ಇದ್ರಲ್ಲಿ ಎಂತ ಬಂದದೆ? ಅದನ್ನ ತೋರ್ಸು."

ಅವನು ಒಲ್ಲದ ಮನಸ್ಸಿನಿಂದ ಒಂದೊಂದೇ ಸೆಟ್ಟಿಂಗ್ ತೆರೆಯುತ್ತಾ ಹೋಗಿ ಒಂದು ಕಡೆ ನಿಂತ. ಹೊಸ ಸಿಸ್ಟಂ ಬ್ಯಾಟರಿ ಉಳಿಸಲೆಂದು ವೈರ್‌ಲೆಸ್ ಕಾರ್ಡನ್ನು ತಾನೇ ಮಲಗಿಸುತ್ತಿತ್ತು. ಅಲ್ಲಿನ ಟಿಕ್ ಗುರುತು ತೆಗೆದ, ಹೊಸ ಸಿಸ್ಟಮ್ಮಿಗೆ ಹೊಂದುವ ಡ್ರೈವರ್ ಸಾಫ್ಟ್‌ವೇರ್ ಹಾಕಿದ. "ಚಾರ್ಜರ್ ಇದ್ರೆ ಹೀಗಾಗೂದಿಲ್ಲ. ತೆಗ್ದ್ರೆ ಮಾತ್ರ" ಎಂದ.

ನಮ್ಮ ಒಳಕೋಣೆಯಲ್ಲಿ ಪ್ಲಗ್ ಇಲ್ಲ. ಗುಟ್ಟಿನ ಮಾತಿಗೆಂದು ದಿನಾ ಚಾರ್ಜರ್ ಕಿತ್ತು ಒಳಗೆ ಒಯ್ಯುತ್ತಿದ್ದೆ. ಬಸ್ಸಿನಲ್ಲಿ ನನಗೆ ನಗುವೂ ಅಳುವೂ ಒಟ್ಟಿಗೇ ಬಂತು. ಅಕ್ಕೋರು ನಗಲಿಲ್ಲ.

"ಲೈನ್ ಸಮಾ ಆತು. ಇನ್ನು ಮಾತು ಕಡಿದ್ರೆ ಅದು ಮನುಷ್ಯ ಕಡ್ದದ್ದು. ಇವತ್ತೇ ಕೇಳು."

ಸಂಜೆ ಒಳಕೋಣೆಯಲ್ಲಿ ಕೂತು ಗಂಡನನ್ನು ಅದೇ ಪ್ರಶ್ನೆ ಕೇಳಿದೆ. ಅವರು ಕಾದರು. ಚಿತ್ರ ನಿಲ್ಲಲಿಲ್ಲ.

"ಕೇಳ್ತಾ ಅದ್ಯಾ?" ಎಂದರು.

"ಸಮಾ ಕೇಳ್ತದೆ."

ಅವರು ತಲೆ ತಗ್ಗಿಸಿದರು. ವರ್ಕ್‌ಶಾಪ್ ಮುಚ್ಚಿ ತಿಂಗಳುಗಳಾಗಿದ್ದವು. ಗೆಳೆಯನೊಬ್ಬನ ಮನೆಯಲ್ಲಿದ್ದರು, ನಕ್ಕವಳು ಆ ಗೆಳೆಯನ ಹೆಂಡತಿ. "ಹೇಳೂಕೆ ನಾಚ್ಕೆ. ಕಡ್ದು ಹೋದಾಗೆಲ್ಲ, ಇವತ್ತಿಗೆ ಬದುಕ್ದೆ ಅನ್ಸ್ತಿತ್ತು" ಎಂದರು. ನನ್ನ ಅನುಮಾನ ಪೂರ್ತಿ ಸುಳ್ಳಾಗಿರಲಿಲ್ಲ. ಆದರೆ ನಾನು ಹೆದರಿದ್ದು ಬೇರೆಯದಕ್ಕೆ.

"ಬಂದ್ಬಿಡಿ" ಎಂದೆ. ಬಂದರು. ಈಗ ಇಲ್ಲೇ ಬಂದರಿನಲ್ಲಿ ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಾರೆ. ಬಂದ ದಿನವೇ ಅಕ್ಕೋರು ಅವರನ್ನು ಜಗಲಿಯಲ್ಲಿ ನಿಲ್ಲಿಸಿ, "ವರ್ಕ್‌ಶಾಪ್ ಮುಚ್ಚಿದ್ದು ಖರೆಯನಾ?" ಎಂದು ಕೇಳಿದ್ದರು.

ಕೊನೆಗಾಲದಲ್ಲಿ ಅಕ್ಕೋರು ಕುಮಟೆಯ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ನರ್ಸ್ ಕೊಟ್ಟ ಮಾತ್ರೆಯನ್ನು ಬೆಳಕಿಗೆ ಹಿಡಿದು, "ಇದು ನಂದೇ ಹೌದಾ?" ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಅವರ ನಾದಿನಿಯ ಫೋನ್ ಬಂತು. ಅಕ್ಕೋರು ಹೋದರು ಎಂದರು.

"ಸಮಾ ನೋಡಿದ್ರಾ?" ಎಂದು ಕೇಳಿದೆ. ಗಂಡ ಬೈಕ್ ತೆಗೆದರು. ಕುಮಟೆ ಮುಟ್ಟಿ, ತಣ್ಣಗಾದ ಆ ಕೈಯನ್ನು ಹಿಡಿದು ನೋಡುವವರೆಗೂ ನಾನು ನಂಬಲಿಲ್ಲ.